ಪಾಚಿಯ ಹನ್ನೆರಡು ಬಾಟಲಿ

ಮಾರ್ಚ್ 3, ಬೆಳಗ್ಗೆ
ಮತ್ತೆ ಅದೇ ಗ್ರಾಫ್, ಅದೇ ನಡುಕ. ತಂಪು ಪೆಟ್ಟಿಗೆಯ ಮೋಟಾರ್ ಶುರುವಾದರೆ ಸಾಕು, ನನ್ನ ಸೆನ್ಸರ್‌ಗೆ ಚಳಿಜ್ವರ. ಪೆಟ್ಟಿಗೆಯೊಳಗೆ ನನ್ನ ಪ್ರಾಜೆಕ್ಟ್ ಪಾರ್ಟ್‌ನರ್ ಬೆಳೆಸಿದ ಪಾಚಿ, ಹನ್ನೆರಡು ಬಾಟಲಿ. ಪಾಚಿ ಸಾಯುವ ಮೊದಲೇ ಅದರ ಉಸಿರಾಟ ನೋಡಿ ನೀರು ಕೆಡುತ್ತಿದೆ ಎಂದು ಹೇಳುವ ಯಂತ್ರ — ಇದು ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್. ಅದಕ್ಕೇ ಕ್ಲಾಸ್ ಪೂರ್ತಿ ಪಾರ್ಟ್‌ನರ್‌ಗೇ ಪಾಚಿ ಅಂತ ಹೆಸರಿಟ್ಟಿದೆ.

ಅತ್ತೆ ಫೋನ್. "ಡಾಕ್ಟರೂ ಅಲ್ಲ, ಎಂಜಿನಿಯರೂ ಅಲ್ಲ. ಅದೇನೇ ನಿನ್ನ ಡಿಗ್ರಿ, ಕಲಸುಮೇಲೋಗರ?"
ಫಿಸಿಕ್ಸ್, ಬಯಾಲಜಿ, ಕೋಡಿಂಗ್, ವೆಲ್ಡಿಂಗ್ ಎಲ್ಲಾ ಇದೆ ಅತ್ತೆ ಅಂದೆ.
"ಹಾಗಾದ್ರೆ ಬಂದು ನಮ್ಮ ಮಿಕ್ಸಿ ರಿಪೇರಿ ಮಾಡ್ಕೊಡು."

ಮಾರ್ಚ್ 6, ಸಂಜೆ 4
ಪಾಚಿ ಊರಿಗೆ ಹೋದಳು. ಹೋಗುವಾಗ ಬಾಟಲಿಗಳಿಗೆ ಟಾಟಾ ಮಾಡಿದಳು, ಹುಚ್ಚಿ. ಮೋಟಾರ್ ಆರಿಸಿದೆ, ಒಂದೇ ಗಂಟೆಗೆ ಅಂತ. ಆಹಾ, ನಡುಕ ಮಾಯ! ನಾನೂ ಕಡಿಮೆಯವಳಲ್ಲ. ರೆಕಾರ್ಡಿಂಗ್ ಓಡುತ್ತಿರಲಿ. ಟೀ ಕುಡಿದು ಬರುತ್ತೇನೆ...

ಮಾರ್ಚ್ 9
ಬಾಟಲಿಗಳ ಹಸಿರೆಲ್ಲ ಹಳದಿ. ಟೀ ಕುಡಿದವಳು ಮೋಟಾರ್ ಮರೆತು ಹಾಗೇ ಮನೆಗೆ ಬಸ್ ಹತ್ತಿದ್ದೆ. ಒಳಗಿನ ದೀಪ ಉರಿಯುತ್ತಲೇ ಇತ್ತು. ಪೆಟ್ಟಿಗೆಯಲ್ಲಿ ನಲವತ್ತೆರಡು ಡಿಗ್ರಿ. ಯಾರಾದರೂ ಬರುವ ಮುಂಚೆ ಮೋಟಾರ್ ಹಾಕಿಬಿಟ್ಟೆ. ನನ್ನ ಕೈಗಿಷ್ಟು ಬೆಂಕಿ ಹಾಕ.

"ನಾನೇ ಬಾಟಲಿ ಸರಿಯಾಗಿ ತೊಳೆದಿಲ್ಲ ಕಣೇ" ಅಂದಳು ಪಾಚಿ. ಐದು ತಿಂಗಳ ಕೆಲಸ. ಇಪ್ಪತ್ತಕ್ಕೆ ವೈವಾ. ಈ ಮಾರ್ಕ್ಸ್ ಮೇಲೇ ಅವಳ ರಿಸರ್ಚ್ ಸೀಟ್ ನಿಂತಿದೆ. ನಾನು ಬಾಟಲಿ ಎಣಿಸುವವಳ ಹಾಗೆ ಬಗ್ಗಿ ನಿಂತೆ.

ಮಾರ್ಚ್ 12
ಮೋಟಾರ್ ಆರಿಸಿದ್ದು ನಾನೇ ಅಂತ ಹೇಳಿಬಿಟ್ಟೆ. ಊಟ ಸೇರುತ್ತಿರಲಿಲ್ಲ.

"ಥೂ ನಿನ್ನ! ಮೂರು ದಿನದಿಂದ ನನ್ನನ್ನ ನಾನೇ ಬೈಕೊಳ್ತಿದ್ದೀನಿ!" ಬಾಗಿಲು ಬಡಿದು ಹೋದಳು. ಹತ್ತು ನಿಮಿಷಕ್ಕೆ ವಾಪಸ್, ಮುಖ ತೊಳೆದುಕೊಂಡು. "ಎಷ್ಟು ಗಂಟೆಗೆ ಆರಿಸ್ದೆ? ನಿಮಿಷ ಸಮೇತ ಹೇಳು. ರೆಕಾರ್ಡಿಂಗ್ ಇತ್ತಾ?"

ಇತ್ತು. ಕೂತು ನೋಡಿದೆವು. ಇಷ್ಟು ದಿನ ನಮ್ಮ ಹತ್ತಿರ ಇದ್ದದ್ದು ಗಟ್ಟಿಮುಟ್ಟಾದ ಪಾಚಿಯ ಗ್ರಾಫ್ ಮಾತ್ರ. ಒಂದನ್ನೂ ಸಾಯಿಸಲು ಇವಳಿಗೆ ಮನಸ್ಸು ಬಂದಿರಲಿಲ್ಲ. ಈಗ ಸಾವು ಪೂರ್ತಿ ಇದೆ, ಮೋಟಾರ್ ಗದ್ದಲವೂ ಇಲ್ಲದೆ. ಒಳಗಿನ ಕ್ಯಾಮೆರಾ ಗಂಟೆಗೊಂದು ಫೋಟೋ ತೆಗೆದಿದೆ. ಬಣ್ಣ ತಿರುಗುವುದಕ್ಕೆ ಒಂಬತ್ತು ಗಂಟೆ ಮೊದಲೇ ಉಸಿರಾಟದ ಗೆರೆ ಕುಸಿದಿದೆ. ನಮ್ಮ ಯಂತ್ರ ಕೆಲಸ ಮಾಡುತ್ತದೆ!

"ಆದ್ರೆ ನಡೆದದ್ದನ್ನ ನಡೆದಹಾಗೇ ಬರೀಬೇಕು. ಮರೆತದ್ದನ್ನೂ" ಅಂದಳು. ನಾನಾಗಿದ್ದರೆ ವರ್ಷ ಮಾತು ಬಿಡುತ್ತಿದ್ದೆ. ಇವಳಿಗೆ ಕೈಯೆತ್ತಿ ಮುಗಿಯಬೇಕು.

ಮಾರ್ಚ್ 20, ಮಧ್ಯಾಹ್ನ
ವೈವಾ ಮುಗಿಯಿತು. ಹೊರಗಿನಿಂದ ಬಂದ ಎಕ್ಸಾಮಿನರ್ ನಮ್ಮ ವರದಿಯ ಪುಟ ತಿರುಗಿಸಿ ತಿರುಗಿಸಿ ನೋಡಿದರು. "ಮೋಟಾರ್ ಆರಿಸಿ ಮರೆತದ್ದು ಯಾರಮ್ಮಾ?"
"ನಾನು ಸರ್."
"ಬೇಜವಾಬ್ದಾರಿಗೆ ಮಾರ್ಕ್ಸ್ ಕಟ್ ಮಾಡ್ಬೇಕಾಗುತ್ತೆ."
ಸರಿ ಎಂದು ತಲೆ ಆಡಿಸಿದೆ. ಪಕ್ಕದಲ್ಲಿ ಪಾಚಿ ಎದ್ದು ನಿಂತಳು. "ಹಾಗಾದ್ರೆ ಇಬ್ರಿಗೂ ಕಟ್ ಮಾಡಿ ಸರ್. ಗ್ರಾಫ್ ಇಬ್ರದ್ದೂ."

ತೋಳು ಹಿಡಿದು ಎಳೆದೆ. ಕೂರಲಿಲ್ಲ ಪುಣ್ಯಾತ್ಗಿತ್ತಿ. ಹೊರಗೆ ಬಂದು ಜಗಳ ತೆಗೆದೆ — ನಿನ್ನ ಸೀಟ್ ಗತಿ ಏನೇ? "ಸೀಟ್ ಹೋದ್ರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕ್ತೀನಿ. ನೀನು ನಿಜ ಹೇಳಿ ಒಬ್ಬಳೇ ಬೈಸ್ಕೊಳ್ಳೋದನ್ನ ನೋಡ್ಕೊಂಡು ಕೂರಕ್ಕಾಗುತ್ತಾ?" ನನಗೆ ಅಳು ಬಂದುಬಿಟ್ಟಿತು.

ಬೋರ್ಡಿನಲ್ಲಿ ಮಾರ್ಕ್ಸ್ ಹಾಕಿದರಂತೆ. ಅವಳೇ ಓಡಿದಳು. ನಾನು ಹೋಗಲಿಲ್ಲ, ಧೈರ್ಯ ಸಾಲದೆ ಇಲ್ಲೇ ಮೆಟ್ಟಿಲ ಮೇಲೆ ಕೂತು ಗೀಚುತ್ತಿದ್ದೇನೆ. ಬಂದಳು. ಎರಡೆರಡು ಮೆಟ್ಟಿಲು ಹಾರಿ ಬರುತ್ತಿದ್ದಾಳೆ, ನಗುತ್ತಾ ಕೂಗಿಕೊಂಡು, ಚಪ್ಪಲಿ ಒಂದೇ ಕಾಲಲ್ಲಿ —