ನನ್ನ ಮೇಕೆಯ ಹಗ್ಗ

ಮಂಗಳವಾರ, ಆಗಸ್ಟ್ 12

ಕೊರಡು ಬಾರಿಸಿದ ಕೈ ಇನ್ನೂ ಉರಿಯುತ್ತಿದೆ. ಉರಿಯಲಿ.

ಮಧ್ಯಾಹ್ನ ಹೊಲದಿಂದ ಬಂದಾಗ ಗೂಟದಲ್ಲಿ ಮೇಕೆ ಇರಲಿಲ್ಲ. ಹಿತ್ತಲನ್ನಾದರೂ ನೋಡಬೇಕಿತ್ತು. ನೋಡಲಿಲ್ಲ. ಸೀದಾ ಕಾವಲುಕಟ್ಟೆಗೆ ಓಡಿ, ಅಲ್ಲಿ ತೂಗುಹಾಕಿದ ಟೊಳ್ಳು ಕೊರಡನ್ನು ಕಳ್ಳ ಬಂದಾಗ ಬಾರಿಸುವ ಹಾಗೆ ಎರಡೆರಡು ಪೆಟ್ಟು ಬಾರಿಸಿಬಿಟ್ಟೆ. ಆ ಸದ್ದು ಕೇಳಿದರೆ ನಮ್ಮೂರಲ್ಲಿ ಯಾರೂ ಉಣ್ಣುತ್ತಾ ಕೂರುವುದಿಲ್ಲ. ಕುಡುಗೋಲು, ಬಿದಿರು ಹಿಡಿದು ಎಲ್ಲರೂ ಬಂದರು. ಪಕ್ಕದ ಮನೆಯ ತುಗಿಮನ್ ಅಜ್ಜನೂ ಏದುಸಿರು ಬಿಡುತ್ತಾ ಓಡಿ ಬಂದ. ಅವನ ಕೈಯಲ್ಲಿ ನಾನು ವೊನೊಸಾರಿ ಸಂತೆಯಲ್ಲಿ ಕೊಂಡಿದ್ದ ನೀಲಿ ಹಗ್ಗದ ತುಂಡು.

"ಅದು ನನ್ನ ಮೇಕೆ ಹಗ್ಗ!" ಎಂದು ಕೂಗಿದವನು ನಾನೇ.

ಮೊದಲು ಹೊಡೆದವರು ಯಾರೋ ಕಾಣಲಿಲ್ಲ. ತುಟಿ ಒಡೆದ ಮೇಲೆ ಅಜ್ಜನಿಗೆ ಮಾತಾಡಲು ಬಿಟ್ಟರು.

"ಹಗ್ಗ ಹರ್ಕೊಂಡು ಬಂದು ನನ್ನ ಮರಗೆಣಸಿಗೆ ಬಾಯಿ ಹಾಕಿತ್ತು. ಹಿಡ್ಕೊಂಡು ನಿನ್ಮನೆಗೇ ಬರ್ತಿದ್ದೆ. ಅಷ್ಟರಲ್ಲಿ ಕೊರಡಿನ ಸದ್ದು. ಯಾರ ಮನೆಗೆ ಕಳ್ಳ ನುಗ್ಗಿದ್ನೋ ಅಂತ ಅದನ್ನ ಅಡುಗೆಮನೇಲಿ ಕೂಡಿಹಾಕಿ ಓಡ್ಬಂದೆ ಕಣೋ."

ಊರ ಮುಖ್ಯಸ್ಥರು ನನ್ನ ಕಡೆ ತಿರುಗಿದರು. "ಯಾತ್ನೊ, ಬಾರಿಸೋ ಮುಂಚೆ ಹುಡುಕಿದ್ಯೇನಯ್ಯಾ?"

"ಎಲ್ಲಾ ಕಡೆ ಹುಡುಕ್ದೆ, ಯಜಮಾನ್ರೇ" ಎಂದೆ. ಅಜ್ಜ ನನ್ನ ಮುಖವನ್ನೇ ನೋಡುತ್ತಿದ್ದ.

ಸಂಜೆ ಅಂಗಳದಲ್ಲಿ ಅವನ ಕೆಮ್ಮು ಕೇಳಿತು. ಮೇಕೆಯನ್ನು ತಂದಿದ್ದ. "ಯಾತ್ನೊ, ಹೊಸ ಹಗ್ಗ ಹಾಕಿದೀನಿ. ಇನ್ನು ಹರಿಯಲ್ಲ, ನೆಮ್ಮದಿಯಾಗಿ ಮಲಗು." ಒಡೆದ ತುಟಿಯಲ್ಲಿ ಮಾತು ತೊದಲುತ್ತಿತ್ತು.

ನಾನು ಬಾಗಿಲ ಹಿಂದೆಯೇ ಇದ್ದೆ. ದೀಪ ಆರಿಸಿ, ಕಳ್ಳನ ಹಾಗೆ ಉಸಿರು ಬಿಗಿಹಿಡಿದು ನಿಂತೆ.