ಕಪ್ಪು ಕೋಟಿನ ಕೆಳಗಿನ ಮುಖ

ಪ್ಯಾರಿಸ್,
೯ ಮೇ ೧೮೭೪

ಪ್ರೀತಿಯ ತಂಗಿ ಹೊನೊರೀನ್,

ನಿನ್ನ ಮೊಣಕಾಲು ನೋವು ಹೇಗಿದೆ? ಪ್ರೊಸ್ಪೆರ್ ಭಾವನ ಕೆಮ್ಮು ನಿಂತಿತೇ? ಝೆಲಿಯ ಮಗುವಿಗೆ ಹಲ್ಲು ಬಂತೇ? ಈಸ್ಟರ್‌ಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ, ಬೈಯಬೇಡ. ಈ ವಾರವಂತೂ ಸಿಟ್ಟಿನಲ್ಲಿ ಎರಡು ಸಲ ಬರೆದು ಹರಿದುಹಾಕಿದೆ.

ನಮ್ಮ ಲೂಸಿಯಾಂ ತೀರಿಕೊಂಡ ಮೇಲೆ ಅವನ ಗೆಳೆಯ ಗಾಸ್ಪಾರ್ ಅವನ ಭಾವಚಿತ್ರ ಬರೆದನಲ್ಲ, ಕಪ್ಪು ಕೋಟು ತೊಟ್ಟು ಕುಂಚ ಹಿಡಿದು ನಿಂತದ್ದು, ಅದು ಸರ್ಕಾರದ ವಾರ್ಷಿಕ ಪ್ರದರ್ಶನಕ್ಕೆ ಆಯ್ಕೆಯಾಯಿತು. ಸೋಮವಾರ ಹೋದೆ. ಇನ್ನೇನು ಮಾತಾಡಿಬಿಡುತ್ತಾನೆ ಅನ್ನುವಂತಿದ್ದ ನನ್ನ ಮಗ. ಜನ ಗಾಸ್ಪಾರ್‌ನ ಕೈ ಕುಲುಕುತ್ತಿದ್ದರು.

ನಲವತ್ತು ವರ್ಷ ಚಿತ್ರಕಾರರಿಗೆ ಚೌಕಟ್ಟಿನ ಮೇಲೆ ಕ್ಯಾನ್ವಾಸು ಬಿಗಿದುಕೊಟ್ಟವನು ನಾನು. ಚಿತ್ರವನ್ನು ಎದುರಿನಿಂದಷ್ಟೇ ನೋಡಿ ಬರಲು ಗೊತ್ತಿಲ್ಲ. ಪಕ್ಕಕ್ಕೆ ಸರಿದು ಓರೆ ಬೆಳಕಿನಲ್ಲಿ ನೋಡಿದೆ. ಕೋಟಿನ ಬಣ್ಣದಡಿ ಬೇರೊಂದು ಬಣ್ಣದ ಉಬ್ಬುಗೆರೆಗಳು: ತಲೆಕೆಳಗಾದ ಹೆಂಗಸಿನ ಟೋಪಿ, ಅದರ ಲೇಸು, ಗದ್ದ. ನನ್ನ ಮಟಿಲ್ಡ್! ಅವಳು ಕಣ್ಣು ಮುಚ್ಚುವ ಮುಂಚಿನ ಚಳಿಗಾಲದಲ್ಲಿ ಲೂಸಿಯಾಂ ಬರೆದ ಚಿತ್ರ. ಅವಳದೆಂದು ಉಳಿದಿದ್ದ ಮುಖ ಅದೊಂದೇ.

ಗಾಸ್ಪಾರ್‌ನ ಕೊರಳಪಟ್ಟಿ ಹಿಡಿದೆ. "ಏನೋ ಇದು?"

"ಹಳೇ ಕ್ಯಾನ್ವಾಸು, ಎವರಿಸ್ಟ್ ಮಾಮ. ಎಲ್ರೂ ಹಂಗೇ ತಾನೆ, ತಲೆಕೆಳಗು ಮಾಡಿಟ್ಟು ಹಳೇದ್ರ ಮೇಲೇ ಬರೀತೀವಿ. ಯಾರೋ ಮುದುಕಿ ಅಂದ್ಕೊಂಡೆ..."

"ಮುದುಕಿಯಂತೆ! ನಿನ್ನ ಗೆಳೆಯನ್ನ ಹೆತ್ತವಳು ಕಣೋ! ಕಳ್ಳ! ಸತ್ತೋನ ಮನೇಲಿ ಕದ್ದ ಕಳ್ಳ!"

"ಯಾಕೆ ತಾತ, ನಿಮ್ಮ ಚಿತ್ರಾನ ಆರಿಸ್ದೆ ವಾಪಸ್ ಕಳ್ಸಿದ್ರಾ?" ಎಂದು ಹಿಂದಿನಿಂದ ಯಾರೋ ಕಿಚಾಯಿಸಿದರು. ಎಲ್ಲರೂ ನಕ್ಕರು.

ಗಾಸ್ಪಾರ್ ಏನೋ ಹೇಳಲು ಬಾಯಿ ತೆರೆದ. ನನ್ನ ಮುಖ ನೋಡಿ ಮುಚ್ಚಿಕೊಂಡ. "ತಪ್ಪಾಯ್ತು ಮಾಮ" ಅಂದ, ಅಷ್ಟೆ. ಕಾವಲಿನವರು ನನ್ನ ರಟ್ಟೆ ಹಿಡಿದು ಹೊರಗಿನ ಮೆಟ್ಟಿಲಿನ ತನಕ ಎಳೆದೊಯ್ದು ಬಿಟ್ಟರು.

ಆ ಬಣ್ಣ ಕೆರೆದರೆ ಮಗ ಹೋಗುತ್ತಾನೆ. ಕೆರೆಯದಿದ್ದರೆ ಅವಳು ಸಿಗುವುದಿಲ್ಲ. ಐದು ದಿನದಿಂದ ಕುದಿಯುತ್ತಿದ್ದೇನೆ, ಹೊನೊರೀನ್.

ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ. ಮಗುವಿಗೊಂದು ಮುತ್ತು.

ನಿನ್ನ ಅಣ್ಣ,
ಎವರಿಸ್ಟ್

ತಾ.ಕ.: ಗಾಸ್ಪಾರ್ ಕದ್ದಿರಲಿಲ್ಲ. ಮಗನನ್ನು ಮಣ್ಣು ಮಾಡಿ ಬಂದ ವಾರ, ಗೋಡೆಗೆ ಮುಖ ಮಾಡಿ ನಿಂತಿದ್ದ ಅವನ ಕ್ಯಾನ್ವಾಸುಗಳನ್ನು ಹಾಗೇ ಹಗ್ಗದಲ್ಲಿ ಕಟ್ಟಿ, "ತಗೊಂಡು ಹೋಗೋ, ಮೇಲೆ ಏನಾದ್ರೂ ಬರ್ಕೋ" ಎಂದು ಕೊಟ್ಟವನು ನಾನೇ. ಒಂದನ್ನೂ ತಿರುಗಿಸಿ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಅಷ್ಟು ಜನರ ಮುಂದೆ ಕಳ್ಳ ಅನ್ನಿಸಿಕೊಂಡರೂ ಅವನು ಅದನ್ನು ಹೇಳಲಿಲ್ಲ. ನಾಳೆ ಅವನ ಬಾಗಿಲಿಗೆ ಹೋಗಬೇಕು. ಮಟಿಲ್ಡ್‌ಳ ಗದ್ದದ ಮೇಲಿನ ಮಚ್ಚೆ ಎಡಕ್ಕಿತ್ತೋ ಬಲಕ್ಕಿತ್ತೋ? ನನಗೆ ನೆನಪಾಗುತ್ತಿಲ್ಲ. ನಿನಗೆ ನೆನಪಿದ್ದರೆ ಬೇಗ ಬರೆ.