ವರ್ಷಕ್ಕೆ ಎರಡು ಕಾರ್ಡು

ಜೂನ್ ೩, ಮಂಗಳವಾರ
ಬೆಳಿಗ್ಗೆ ಹನ್ನೊಂದೂವರೆ. ಹೌಸಿಂಗ್ ಸೊಸೈಟಿ ಕಚೇರಿಯ ಹೊರಗಿನ ಬೆಂಚು. ಅಂಗಡಿಗೆ ರಜೆ ಹಾಕಿದ್ದೇನೆ.

ಲಿಫ್ಟಿನವರಿಗೆ,

ನಮ್ಮ ನಂಬರು ಬಂತು! ಮೂರು ಸಾವಿರದ ನೂರ ಹದಿನೆಂಟು. ಮನೆಯ ಸಾಲಿನಲ್ಲಿ ಇಪ್ಪತ್ತೇಳು ವರ್ಷ ಕಾದ ಮೇಲೆ ಬಂತು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ಇಳಿಯುತ್ತೇವೆ. ನೀವು ಹೋದ ಈ ಒಂಬತ್ತು ವರ್ಷದಲ್ಲಿ ಮಾತಾಡಿದ ನಾಲ್ಕು ಸಲವೂ ಹಾಗೇ ಆಯಿತು. ಕಾಗದದಲ್ಲಾದರೆ ನೀವು ಅಡ್ಡ ಬಾಯಿ ಹಾಕುವಂತಿಲ್ಲ.

ಮನೆ ನೋಡಿಕೊಂಡು ಈಗ ತಾನೇ ಕೆಳಗಿಳಿದೆ. ಕಚೇರಿಯ ಹಿಂದಿನ ಕಟ್ಟಡವೇ. ನಾಲ್ಕನೇ ಮಹಡಿ, ಒಂದು ಹಾಲ್, ಎರಡು ಕೋಣೆ, ಒಟ್ಟು ಐದು ಕಿಟಕಿ. ಅಡಿಗೆಮನೆಗೆ ಬೆಳಗಿನ ಬಿಸಿಲು ನೇರ ಬರುತ್ತದೆ. ಬೇರೆಯವರ ಕಿಟಕಿ ಅಳೆದು ಪರದೆ ಹೊಲಿದುಕೊಂಡೇ ಇಷ್ಟು ವರ್ಷ ಕಳೆದವಳು ನಾನು. ಇವತ್ತು ಹಾಲ್‌ನ ಕಿಟಕಿಯನ್ನು ಮೂರು ಸಲ ಅಳೆದೆ, ಮೂರು ಸಲವೂ ಬೇರೆ ಬೇರೆ ಬಂತು. ಟೇಪು ಸರಿಯಾಗಿಯೇ ಇತ್ತು. ಅಳೆಯುವವಳೇ ಸರಿಯಿರಲಿಲ್ಲ.

ಲಿಫ್ಟ್ ಇದೆ. ಆದರೆ ನಾಲ್ಕನೇ ಮಹಡಿಯಲ್ಲಿ ನೆಲಕ್ಕಿಂತ ನಾಲ್ಕು ಬೆರಳು ಕೆಳಗೇ ನಿಂತುಬಿಡುತ್ತದೆ. ಎಡವಿದೆ. ತಕ್ಷಣ ನಿಮ್ಮ ನೆನಪಾಯಿತು, ಇಂಥ ಲಿಫ್ಟ್ ಕಂಡರೆ ನೀವು ಬೈಯುವ ಬೈಗುಳದ ಸಮೇತ. ನನ್ನ ಪರದೆಯ ಅಂಚು ಬಾಗಿಲಿಗೆ ಸಿಕ್ಕಿ ಲಿಫ್ಟ್ ನಿಂತುಹೋದ ದಿನ ರಿಪೇರಿಗೆ ಬಂದ ನೀವು ಮೇಲಿನಿಂದ ತಲೆ ಹಾಕಿ, "ಒಳಗಿರೋದು ಹೆಂಗಸೋ, ಬಟ್ಟೆ ಗಂಟೋ?" ಎಂದಿದ್ದಿರಲ್ಲ, ಅದೂ ನೆನಪಾಯಿತು. ಆಗ ನನಗೆ ಇಪ್ಪತ್ತಮೂರು, ನಿಮಗೆ ಇಪ್ಪತ್ತೈದು. ಮರುವರ್ಷ ಮದುವೆಯಾಗಿ, ಅದೇ ವಾರ ಇಲ್ಲಿಗೆ ಬಂದು ಹೆಸರು ಬರೆಸಿದೆವು.

ಅಂಗಡಿಯ ಯಜಮಾನರಿಗೆ ರಜೆ ಏಕೆಂದು ಹೇಳಬೇಕಾಯಿತು. ಅವರು ಕತ್ತರಿ ಕೆಳಗಿಟ್ಟು, "ಅಲ್ಲಮ್ಮಾ, ಐವತ್ತೊಂದಕ್ಕೆ ಜನ ಮನೇನ ಮಕ್ಕಳ ಹೆಸರಿಗೆ ಬರೆಯೋ ಯೋಚನೆ ಮಾಡ್ತಾರೆ. ನೀವು ಈಗ ಮೊದಲ್ನೇ ಮನೆ ಕೊಳ್ತಿದೀರಾ?" ಎಂದರು. ಈ ಊರಿನಲ್ಲಿ ಮೊದಲ ಮನೆ ಕೊಳ್ಳುವವರಿಗೆ ಸರಾಸರಿ ನಲವತ್ತೊಂದು ವರ್ಷ ಎಂದು ಪೇಪರಿನಲ್ಲಿ ಬಂದದ್ದನ್ನೂ ಓದಿ ಹೇಳಿದರು. ನನಗೆ ಹತ್ತು ವರ್ಷ ತಡ. ಅದನ್ನೇ ಕಚೇರಿಯ ಗುಮಾಸ್ತೆಗೆ ಹೇಳಿದರೆ ಆಕೆ ನಕ್ಕು, "ಹೋದ ತಿಂಗಳು ಅರವತ್ತಾರರ ಅಜ್ಜ ಬಂದು ಬೀಗದ ಕೈ ತಗೊಂಡು ಹೋದ್ರು. ಮೆಟ್ಟಿಲ ಮೇಲೆ ಕುಣಿದ್ರು ಕಣ್ರೀ. ನೀವಿನ್ನೂ ಹುಡುಗಿ" ಎಂದರು. ಹುಡುಗಿ ಎನಿಸಿಕೊಂಡು ಎಷ್ಟು ಕಾಲವಾಗಿತ್ತು!

ಈಗ ಕೆಲಸದ ಮಾತು. ಹತ್ತೊಂಬತ್ತನೇ ತಾರೀಕು, ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ ಇಬ್ಬರೂ ಖುದ್ದಾಗಿ ಬಂದು ಸಹಿ ಹಾಕಬೇಕು. ಒಬ್ಬರು ಬರದಿದ್ದರೂ ಮನೆ ಮುಂದಿನ ನಂಬರಿಗೆ ಹೋಗುತ್ತದೆ. ಬೇರೆಯಾಗಿದ್ದರೆ ಒಂಟಿ ಅರ್ಜಿ ಅಂತ ಇನ್ನೊಂದಿದೆಯಂತೆ. ಅದನ್ನು ತುಂಬಿಕೊಟ್ಟರೆ ಇದೇ ಕಟ್ಟಡದ ಮೊದಲ ಮಹಡಿಯಲ್ಲಿ ಒಂದು ಕೋಣೆಯ ಮನೆ ನನ್ನೊಬ್ಬಳ ಹೆಸರಿಗೆ ಸಿಗುತ್ತದೆ, ನಿಮ್ಮನ್ನು ಕೇಳಬೇಕಾಗಿಯೇ ಇಲ್ಲ. ಗುಮಾಸ್ತೆ ಎರಡು ಅರ್ಜಿಗಳನ್ನೂ ಕೈಗಿಟ್ಟಿದ್ದಾರೆ. ನನಗೆ ನಾಲ್ಕನೇ ಮಹಡಿ ಇಷ್ಟ. ನಿಮ್ಮಿಂದ ಬೇಕಾದದ್ದು ಸಹಿ ಮಾತ್ರ. ಹಾಕಿ ಸಂಜೆಯ ಬಸ್ಸಿಗೆ ವಾಪಸು ಹೋಗಬಹುದು, ನಾನು ಕೂರಿಸಿಕೊಳ್ಳುವುದಿಲ್ಲ.

ನಿಮಗೆ ಸಿಟ್ಟು ಬರುವ ವಿಷಯ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಪ್ರತಿ ಜನವರಿಯಲ್ಲೂ ಇಬ್ಬರ ಸಹಿಯ ನವೀಕರಣ ಕಾರ್ಡು ಬರದಿದ್ದರೆ ನಂಬರು ಸಾಲಿನ ತುದಿಗೆ ಹೋಗುತ್ತದೆಂದು ನಿಮಗೆ ಗೊತ್ತು. ನೀವು ಆ ಸಣ್ಣ ಊರಿಗೆ ಹೋಗೋಣ, ಅಲ್ಲಿ ಬಾಡಿಗೆ ಕಡಿಮೆ, ಉಸಿರಾಡಬಹುದು ಎಂದಾಗ ನಾನು ನಂಬರು ಬಿಟ್ಟು ಬರುವುದಿಲ್ಲ ಎಂದೆ. "ಆ ಮನೆ ಸಿಗೋ ಹೊತ್ತಿಗೆ ನಮಗೆ ಲಿಫ್ಟ್ ಸಾಲಲ್ಲ, ಸ್ಟ್ರೆಚರ್ ಬೇಕಾಗುತ್ತೆ. ನೀನೂ ನಿನ್ನ ನಂಬರೂ ಸುಖವಾಗಿರಿ" ಎಂದು ನೀವು ಹೊರಟಿರಿ. ಮುಂದಿನ ಜನವರಿಯಲ್ಲಿ ಕಾರ್ಡಿಗೆ ನಿಮ್ಮ ಸಹಿ ನಾನೇ ಹಾಕಿದೆ. ಪರದೆ ಕತ್ತರಿಸುವ ಕಂದು ಕಾಗದದ ಮೇಲೆ ನೂರು ಸಲ ತಿದ್ದಿದ ಮೇಲೆ ಬಂತು. ಅಲ್ಲಿಂದ ಒಂಬತ್ತು ವರ್ಷವೂ ನಾನೇ ಹಾಕಿದ್ದು.

ಇವತ್ತು ಗುಮಾಸ್ತೆ ನಮ್ಮ ಫೈಲು ಬಿಚ್ಚಿದಾಗ ನನ್ನ ಕಳ್ಳಸಹಿ ಸಿಕ್ಕಿಬಿತ್ತು ಎಂದುಕೊಂಡೆ. ಆಕೆ ಕನ್ನಡಕ ಸರಿಮಾಡಿಕೊಂಡು, "ನಿಮ್ಮನೇಲಿ ಮರೆವು ಜಾಸ್ತೀನಾ? ಒಂಬತ್ತು ವರ್ಷದಿಂದ ವರ್ಷಕ್ಕೆ ಎರಡೆರಡು ಕಾರ್ಡು ಕಳಿಸ್ತಿದೀರಿ" ಎಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ನೋಡಿದರೆ, ನಾನು ಕಳಿಸಿದ ಒಂದೊಂದು ಕಾರ್ಡಿನ ಹಿಂದೆಯೂ ಇನ್ನೊಂದನ್ನು ಪಿನ್ ಹೊಡೆದು ಇಟ್ಟಿದ್ದಾರೆ. ಅದರ ಮೇಲೆ ನಿಮ್ಮೂರಿನ ಅಂಚೆ ಮುದ್ರೆ. ನಿಮ್ಮ ಸಹಿ, ನಿಜವಾದದ್ದು. ಅದರ ಪಕ್ಕದಲ್ಲಿ ನನ್ನ ಸಹಿ. ನಾನು ಹಾಕಿಯೇ ಇಲ್ಲದ್ದು!

ಲಿಫ್ಟಿನವರೇ, ನನ್ನ ಸಹಿಯ ಕೆಳಗಿನ ಗೆರೆ ಯಾವತ್ತೂ ಸೊಟ್ಟ. ನೀವು ಒಂಬತ್ತು ವರ್ಷವೂ ಅದನ್ನು ಸ್ಕೇಲು ಇಟ್ಟು ಎಳೆದಿದ್ದೀರಿ.

ಗುಮಾಸ್ತೆ ನನ್ನ ಮುಖ ನೋಡಿ, "ಸರಿ ಬಿಡಿ, ಒಂದು ಕಾರ್ಡು ಸಾಕಿತ್ತು. ಎರಡು ಬಂದ್ರೆ ನಮಗೇನು ನಷ್ಟ" ಎಂದು ಫೈಲು ಕಟ್ಟಿದರು. ನನಗೆ ನಗು ಬಂತು, ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಸಾಲಿನಲ್ಲಿ ನಿಂತಿದ್ದವರೆಲ್ಲ ಮನೆ ಸಿಕ್ಕ ಖುಷಿಗೆ ಇರಬೇಕು ಎಂದುಕೊಂಡರು.

ನಾನು ಕಾರ್ಡು ಕಳಿಸಿದ್ದು ನನಗೆ ಮನೆ ಬೇಕಿತ್ತು ಎಂದು. ನಿಮಗೆ ಮನೆ ಬೇಕಿರಲಿಲ್ಲ. ಹಾಗಾದರೆ ನೀವು ಕಳಿಸಿದ್ದು ಯಾರಿಗಾಗಿ ಎಂದು ಈ ಬೆಂಚಿನ ಮೇಲೆ ಕೂತು ಯೋಚಿಸುತ್ತಿದ್ದೇನೆ. ಮನೆ ಸಿಗಲಿ, ಆಮೇಲೆ ನೋಡೋಣ ಎಂದು ನಾವು ಮುಂದೂಡಿದ್ದು ಮಂಚ, ಕಪಾಟುಗಳನ್ನು ಮಾತ್ರವಲ್ಲ. ತೊಟ್ಟಿಲಿನ ಮಾತು ನೀವು ಎರಡು ಸಲ ಎತ್ತಿದಿರಿ, ಎರಡು ಸಲವೂ ಆಮೇಲೆ ಎಂದವಳು ನಾನು. ಅದಕ್ಕೆ ಈಗ ಯಾವ ಕಾರ್ಡೂ ಇಲ್ಲ. ಈ ಮಾತನ್ನು ಫೋನಿನಲ್ಲಿ ಹೇಳಲು ನನಗೆ ಯಾವತ್ತೂ ಬರಲಿಲ್ಲ.

ಅಂಚೆ ಡಬ್ಬಿ ಎದುರಿಗೇ ಇದೆ. ಹನ್ನೆರಡಕ್ಕೆ ತೆಗೆಯುತ್ತಾರೆ, ಓಡುತ್ತೇನೆ.

ಇಂತಿ,
ಟೇಪಮ್ಮ
(ಆ ಹೆಸರಿಟ್ಟವರು ನೀವೇ. ಈಗಲೂ ಕೊರಳಲ್ಲಿ ಟೇಪು ಇದೆ.)

ಮರೆತ ಮಾತು: ಮೇಲೆ "ಸಹಿ ಮಾತ್ರ" ಎಂದು ಬರೆದದ್ದು ಸುಳ್ಳು. ಹೊಡೆದುಹಾಕಲು ಹೋದೆ, ಕಾಗದ ಗಲೀಜಾಗುತ್ತದೆಂದು ಬಿಟ್ಟೆ. ಒಂಟಿ ಅರ್ಜಿಯನ್ನು ತುಂಬುವುದಿಲ್ಲ ಎಂದು ನಿಶ್ಚಯಿಸಿದ್ದೇನೆ. ಹತ್ತೊಂಬತ್ತಕ್ಕೆ ನೀವು ಬಂದರೆ ಮೊದಲು ಹಾಲ್‌ನ ಕಿಟಕಿಗೆ ಟೇಪಿನ ಇನ್ನೊಂದು ತುದಿ ಹಿಡಿಯಬೇಕು. ಬರದಿದ್ದರೆ ನಂಬರು ಮುಂದಿನವರಿಗೆ ಹೋಗಲಿ. ನಾನು ಮಧ್ಯಾಹ್ನದ ಬಸ್ಸಿಗೆ ಹೊಲಿಗೆ ಮೆಷಿನ್ ಸಮೇತ ನಿಮ್ಮೂರಿಗೆ ಹೊರಡುತ್ತೇನೆ. ನಾನು ಬರುವುದು ಬೇಡವಾದರೆ ಅಷ್ಟರೊಳಗೆ ಒಂದು ಸಾಲು ಬರೆಯಿರಿ. ನಿಮ್ಮ ಮನೆಗೆ ಎಷ್ಟು ಕಿಟಕಿ ಎಂದು ಒಂಬತ್ತು ವರ್ಷದಲ್ಲಿ ನಾನು ಕೇಳಿಯೇ ಇಲ್ಲ, ನೋಡಿ. ಅಂಗಡಿಯ ಯಜಮಾನರಿಗೆ ಇನ್ನೂ ಹೇಳಿಲ್ಲ. ಟಿಕೆಟ್ಟೂ ತೆಗೆದಿಲ್ಲ.